ವಾರಕ್ಕೊಂದು ಆಟ: ಗೇಮ್ ಜಾಮ್ ಮೂಲಕ ವಿಡಿಯೋ ಗೇಮ್ ಕಲಿಕೆ

"ಮಗ ಪಿಯುಸಿ ಮುಗಿಸಿದ್ದಾನೆ. ವಿಡಿಯೋ ಗೇಮ್ ತಯಾರಿಸುವುದನ್ನೇ ಕಲಿಯುತ್ತೇನೆಂದು ಹಠ ಹಿಡಿದಿದ್ದಾನೆ. ಇದೂ ಒಂದು ಓದೇ?" ಇಂಥ ಪ್ರಶ್ನೆ ಈಗ ನಮ್ಮ ಕಡೆಯ ಮನೆಗಳಲ್ಲೂ ಕೇಳಿಬರುತ್ತಿದೆ. ಆಟ ಆಡುತ್ತಲೇ ಹಾಳಾಗಿ ಹೋಗುತ್ತಾನೆ ಎಂಬ ಭಯ ಒಂದೆಡೆ, ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ ಕೈಗೆ ಏನು ಸಿಗುತ್ತದೆ ಎಂಬ ಚಿಂತೆ ಇನ್ನೊಂದೆಡೆ. ಯುವಜನರ ನಡುವೆ ಕೆಲಸ ಮಾಡುವವರ ಬಳಿಗೂ ಹೆತ್ತವರು ಈ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಹೌದು ಅಥವಾ ಬೇಡ ಎನ್ನುವ ಮೊದಲು ಈ ವಿದ್ಯೆಯನ್ನು ಒಳ್ಳೆಯ ಕಡೆಗಳಲ್ಲಿ ಹೇಗೆ ಕಲಿಸುತ್ತಾರೆ ಎಂದು ತಿಳಿದುಕೊಳ್ಳುವುದು ಲೇಸು.

ಮೊದಲು ಪ್ರೋಟೋಟೈಪ್ ಎಂಬ ಮಾತನ್ನು ಬಿಡಿಸೋಣ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಹಿರಿಯರು ಆಡುತ್ತಿದ್ದ ಚೆನ್ನೆಮಣೆಯನ್ನು ನೆನಪಿಸಿಕೊಳ್ಳಿ. ಕೆತ್ತನೆಯ ಮರದ ಮಣೆ, 14 ಗುಳಿ, ಮಂಜೊಟ್ಟಿ ಕಾಯಿ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿ ಕಲ್ಲು ಹಾಕಿ ಆಡಿದರೂ ಆಟ ಅದೇ. ಅಂದರೆ ಆಟದ ಜೀವ ಇರುವುದು ನಿಯಮದಲ್ಲಿ, ಕೆತ್ತನೆಯಲ್ಲಲ್ಲ. ವಿಡಿಯೋ ಗೇಮಿನಲ್ಲೂ ಹೀಗೆಯೇ. ಚೆಂದದ ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಸೇರಿಸಲು ವರ್ಷಗಳು ಬೇಕು, ಹಣವೂ ಬೇಕು. ಅಷ್ಟೆಲ್ಲ ಸುರಿಯುವ ಮೊದಲು ಇದು ಆಡಲು ಮಜವಾಗಿದೆಯೇ ಎಂದು ಒರಟು ರೂಪದಲ್ಲಿ ಮಾಡಿ ನೋಡುವುದೇ ಪ್ರೋಟೋಟೈಪ್, ಅಂದರೆ ಪ್ರಾಥಮಿಕ ಮಾದರಿ. ಮಣ್ಣಿನಲ್ಲಿ ತೋಡಿದ ಗುಳಿ ಎಂದುಕೊಳ್ಳಿ.

ಇಂಥ ಮಾದರಿಯನ್ನು ನಿಗದಿತ ಅವಧಿಯೊಳಗೆ, ಕೊಟ್ಟ ಒಂದು ವಿಷಯದ ಮೇಲೆ ಮಾಡಿ ಮುಗಿಸುವ ಕೂಟಕ್ಕೆ ಗೇಮ್ ಜಾಮ್ ಎನ್ನುತ್ತಾರೆ. ಕ್ರಿಸ್ಮಸ್‌ಗೆ ಮೊದಲು ವಾಳೆಯ ಹುಡುಗರು ಹುಲ್ಲು, ಬಿದಿರು, ಕಾಗದ ಕೂಡಿಹಾಕಿ ನಾಲ್ಕು ರಾತ್ರಿ ನಿದ್ದೆಗೆಟ್ಟು ಗೋದಲಿ ಕಟ್ಟುವುದನ್ನು ಕಂಡವರಿಗೆ ಆ ವಾತಾವರಣವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಈ ಪದ್ಧತಿಯನ್ನು ವಿಶ್ವವಿದ್ಯಾನಿಲಯದ ಕಲಿಕೆಗೆ ತಂದವರಲ್ಲಿ ಹೆಸರಾದದ್ದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ನಾಲ್ವರು ವಿದ್ಯಾರ್ಥಿಗಳ ಪ್ರಯೋಗ. 2005ರಲ್ಲಿ ಅಲ್ಲಿನ ಎಂಟರ್‌ಟೈನ್‌ಮೆಂಟ್ ಟೆಕ್ನಾಲಜಿ ಸೆಂಟರ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಾಗಿದ್ದ ಕೈಲ್ ಗಾಬ್ಲರ್, ಕೈಲ್ ಗ್ರೇ, ಮ್ಯಾಟ್ ಕುಚಿಕ್ ಮತ್ತು ಶಾಲಿನ್ ಶೋಧನ್ ತಮಗೆ ತಾವೇ ಮೂರು ನಿಯಮ ಹಾಕಿಕೊಂಡರು. ಪ್ರತಿ ಆಟ ಏಳು ದಿನದೊಳಗೆ ಮುಗಿಯಬೇಕು. ಒಂದು ಆಟವನ್ನು ಒಬ್ಬನೇ ಮಾಡಬೇಕು. ಗುರುತ್ವಾಕರ್ಷಣೆ, ಗಿಡಮರ, ಹಿಂಡು ಎಂಬಂಥ ಒಂದು ವಿಷಯ ಎಲ್ಲರಿಗೂ ಸಾಮಾನ್ಯವಾಗಿರಬೇಕು. ಒಂದೇ ಸೆಮಿಸ್ಟರಿನಲ್ಲಿ 50ಕ್ಕೂ ಹೆಚ್ಚು ಆಟಗಳು ತಯಾರಾದವು. ಎಲ್ಲವೂ ಚೆನ್ನಾಗಿರಲಿಲ್ಲ. ಕೆಟ್ಟದ್ದನ್ನೂ ಬೇಗ ಮಾಡಿ ಮುಗಿಸಿದರೆ ಒಳ್ಳೆಯದು ಸಿಗುವ ಅವಕಾಶ ಹೆಚ್ಚು ಎಂಬುದೇ ಅವರ ಲೆಕ್ಕಾಚಾರವಾಗಿತ್ತು.

ಅದೇ ವರ್ಷ ತಾವು ಕಲಿತದ್ದನ್ನು ಅವರು ಗೇಮ್ ತಯಾರಕರ ವೃತ್ತಿಪತ್ರಿಕೆಯಾಗಿದ್ದ ಗಾಮಸೂತ್ರದಲ್ಲಿ ಬರೆದರು. ಬಿಚ್ಚುಮನಸ್ಸಿನ ಬರಹ ಅದು. ಎಲ್ಲರೂ ಸೇರಿ ಕುಳಿತು ಹೊಸ ಯೋಚನೆ ಹುಡುಕುವ ಸಭೆಗಳಿಂದ ಒಂದೇ ಒಂದು ಒಳ್ಳೆಯ ಆಟವೂ ಹುಟ್ಟಲಿಲ್ಲ ಎಂದು ಒಪ್ಪಿಕೊಂಡರು. (ಸಮಿತಿ ಸಭೆಗಳಲ್ಲಿ ಕುಳಿತು ಅಭ್ಯಾಸವಿರುವ ನಮಗೆ ಇದು ಅಚ್ಚರಿಯ ಸಂಗತಿಯೇನಲ್ಲ.) ಮೊದಲು ಗುರಿ, ಅಂಕ ಯಾವುದೂ ಇಲ್ಲದ ಬರೀ ಆಟಿಕೆಯೊಂದನ್ನು ಮಾಡಿ, ಅದನ್ನು ಸುಮ್ಮನೆ ಅಲ್ಲಾಡಿಸಿದರೂ ಖುಷಿಯಾಗುತ್ತದೆಯೇ ನೋಡಿ ಎಂದರು. ಒಳಗಿನ ಪ್ರೋಗ್ರಾಂ ಎಷ್ಟು ಅಚ್ಚುಕಟ್ಟಾಗಿದೆ ಎಂದು ಆಡುವವನು ಕೇಳುವುದಿಲ್ಲ, ಆದ್ದರಿಂದ ಮಾದರಿಯ ಹಂತದಲ್ಲಿ ಅಡ್ಡದಾರಿ ಹಿಡಿದರೂ ತಪ್ಪಿಲ್ಲ. ಕೆಟ್ಟ ಆಟಕ್ಕೆ ಚೆಂದದ ಚಿತ್ರ ಬಳಿದರೆ ಅದು ಉದ್ಧಾರವಾಗುವುದಿಲ್ಲ. ಕೈಗೂಡದ ಯೋಚನೆಯನ್ನು ಕೂಡಲೇ ಬಿಟ್ಟುಬಿಡಬೇಕು. ಈ ಕೊನೆಯ ಮಾತು ಹೇಳಲು ಸುಲಭ. ಮೂರು ದಿನ ನಿದ್ದೆಗೆಟ್ಟು ಮಾಡಿದ್ದನ್ನು ನಾಲ್ಕನೇ ದಿನ ಎಸೆಯುವ ವಿದ್ಯಾರ್ಥಿಯ ಹೊಟ್ಟೆಯ ಉರಿ ಅವನಿಗೇ ಗೊತ್ತು.

ಗಾಬ್ಲರ್ ಮಾಡಿದ ಮಾದರಿಗಳಲ್ಲಿ ಟವರ್ ಆಫ್ ಗೂ ಎಂಬುದೂ ಒಂದು. ಒಂದು ದಿನ ಮನೆಗೆ ನಡೆದು ಹೋಗುತ್ತಾ ಆಸ್ಟರ್ ಪಿಯಾಝೋಲ್ಲಾ ಅವರ ಲಿಬರ್‌ಟ್ಯಾಂಗೋ ಸಂಗೀತ ಕೇಳುತ್ತಿದ್ದಾಗ, ಊರಿನ ಜನರೆಲ್ಲ ಸಂಜೆ ಕುರ್ಚಿ ಮೇಜು ಹೊತ್ತುಕೊಂಡು ಬಂದು ಎತ್ತರದ ಗೋಪುರ ಕಟ್ಟುತ್ತಿರುವ ಚಿತ್ರ ಅವರ ಮನಸ್ಸಿಗೆ ಬಂತಂತೆ. ಪರದೆಯ ಮೇಲೆ ಅದು ಅಂಟು ಗುಂಡುಗಳ ಗೋಪುರವಾಯಿತು. ಗುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದಂತೆ ಗೋಪುರ ಓಲಾಡುತ್ತದೆ, ಲೆಕ್ಕ ತಪ್ಪಿದರೆ ಕುಸಿಯುತ್ತದೆ. ಅಷ್ಟೇ ಆಟ. ಅಂತರ್ಜಾಲಕ್ಕೆ ಬಿಟ್ಟ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಜನ ಅದನ್ನು ಇಳಿಸಿಕೊಂಡರು. ಮುಂದೆ ಗಾಬ್ಲರ್ ಮತ್ತು ರಾನ್ ಕಾರ್ಮೆಲ್ 2ಡಿ ಬಾಯ್ ಎಂಬ ಪುಟ್ಟ ಸಂಸ್ಥೆ ಕಟ್ಟಿ ಅದನ್ನೇ ಬೆಳೆಸಿದರು. 2008ರಲ್ಲಿ ವರ್ಲ್ಡ್ ಆಫ್ ಗೂ ಎಂಬ ಹೆಸರಿನಿಂದ ಹೊರಬಂದ ಆ ಆಟ ಪ್ರಶಸ್ತಿಗಳನ್ನೂ ಗಳಿಸಿತು. ಮಾದರಿಗೆ ಒಂದು ವಾರವೂ ಬೇಕಾಗಿರಲಿಲ್ಲ, ಪೂರ್ಣ ಆಟಕ್ಕೆ ಸುಮಾರು ಎರಡು ವರ್ಷ ಹಿಡಿಯಿತು ಎಂಬುದನ್ನು ಹೆತ್ತವರೂ ಮಕ್ಕಳೂ ಗಮನಿಸಬೇಕು.

ಈ ನಾಲ್ವರು ಬೆಳೆದ ಮಣ್ಣೂ ಹದವಾಗಿತ್ತು. ಆ ಕೇಂದ್ರವನ್ನು ಡಾನ್ ಮರಿನೆಲ್ಲಿ ಅವರೊಂದಿಗೆ ಸ್ಥಾಪಿಸಿದ ಪ್ರಾಧ್ಯಾಪಕ ರ‍್ಯಾಂಡಿ ಪೌಶ್ ಒಂದು ವಿಶೇಷ ತರಗತಿ ನಡೆಸುತ್ತಿದ್ದರು. ಕಂಪ್ಯೂಟರ್, ಕಲೆ, ನಾಟಕ ಹೀಗೆ ನಾನಾ ವಿಭಾಗಗಳ 50 ವಿದ್ಯಾರ್ಥಿಗಳು, ನಾಲ್ವರ ತಂಡ, ಎರಡೇ ವಾರದಲ್ಲಿ ಒಂದು ಕಾಲ್ಪನಿಕ ಲೋಕ. ಎರಡು ವಾರ ಕಳೆದರೆ ತಂಡ ಬದಲು. ಸೆಮಿಸ್ಟರಿಗೆ ಹೀಗೆ ಐದು ಸಲ. ಗುಂಡು ಹಾರಿಸುವ ಹಿಂಸೆ ಮತ್ತು ಅಶ್ಲೀಲತೆ ಇವೆರಡನ್ನು ಬಿಟ್ಟು ಏನು ಬೇಕಾದರೂ ಮಾಡಿ ಎಂಬುದು ಅವರ ಕಟ್ಟಪ್ಪಣೆ. ಅವು ಕೆಟ್ಟವು ಎಂಬುದಕ್ಕಿಂತ, ಅದನ್ನು ಈಗಾಗಲೇ ಬೇಕಾದಷ್ಟು ಜನ ಮಾಡಿದ್ದಾರೆ ಎಂಬುದು ಅವರ ವಾದವಾಗಿತ್ತು. ಮಕ್ಕಳ ಆಟಗಳಲ್ಲಿ ಬರೀ ಕೊಲೆಯೇ ಇದೆ ಎಂದು ನೊಂದುಕೊಳ್ಳುವ ಹೆತ್ತವರಿಗೆ ಈ ಮಾತು ಹಿಡಿಸೀತು. ಮತ್ತೊಂದು ಸಂಗತಿ: ದೊಡ್ಡ ಸಾಹಸಕ್ಕೆ ಕೈಹಾಕಿ ಸೋತ ತಂಡಕ್ಕೆ ಅವರು ಮೊದಲ ಪೆಂಗ್ವಿನ್ ಎಂಬ ಬಹುಮಾನ ಕೊಡುತ್ತಿದ್ದರು. ನೀರಿನಲ್ಲಿ ಶತ್ರುಗಳಿರಬಹುದೆಂದು ತಿಳಿದೂ ಒಂದು ಪೆಂಗ್ವಿನ್ ಮೊದಲು ಧುಮುಕಲೇಬೇಕಲ್ಲವೇ? ಕ್ಯಾನ್ಸರ್‌ಗೆ ತುತ್ತಾದ ಪೌಶ್ 2007ರ ಸೆಪ್ಟೆಂಬರಿನಲ್ಲಿ ಮಾಡಿದ ಕೊನೆಯ ಉಪನ್ಯಾಸದಲ್ಲಿ ಇದನ್ನೆಲ್ಲ ನೆನೆದರು. ಮರುವರ್ಷ ಜುಲೈಯಲ್ಲಿ ತೀರಿಕೊಂಡರು.

ಕ್ಯಾಂಪಸ್ಸಿನ ಹೊರಗೂ ಜಾಮ್‌ಗಳು ಬೆಳೆದವು. ಲೂಡಮ್ ಡೇರ್ ಎಂಬುದು 2002ರಲ್ಲಿ ಆರಂಭವಾಯಿತು. 2009ರಲ್ಲಿ ಮೊದಲ ಗ್ಲೋಬಲ್ ಗೇಮ್ ಜಾಮ್ 23 ದೇಶಗಳ 53 ಸ್ಥಳಗಳಲ್ಲಿ ಒಂದೇ ವಾರಾಂತ್ಯದಲ್ಲಿ ನಡೆಯಿತು. 2013ರ ಜಾಮ್‌ನಲ್ಲಿ ವಿಷಯವಾಗಿ ಕೊಟ್ಟದ್ದು ಒಂದು ಪದವೂ ಅಲ್ಲ, ಹೃದಯ ಬಡಿತದ ಸದ್ದು. ಅದನ್ನು ಕೇಳಿ ಲಂಡನ್ನಿನ ಒಂದು ತಂಡ 48 ಗಂಟೆಯಲ್ಲಿ ಮಾಡಿದ ಹೃದಯ ಶಸ್ತ್ರಚಿಕಿತ್ಸೆಯ ತಮಾಷೆ ಆಟವೇ ಸರ್ಜನ್ ಸಿಮ್ಯುಲೇಟರ್.

ಇದರಲ್ಲಿ ಲೋಪವಿಲ್ಲವೆಂದಲ್ಲ. ಎರಡು ದಿನ ನಿದ್ದೆ ಬಿಡುವುದನ್ನೇ ದೊಡ್ಡಸ್ತಿಕೆ ಎಂದುಕೊಳ್ಳುವ ಹುಡುಗರಿದ್ದಾರೆ. ನಿದ್ದೆಗಣ್ಣಿನಲ್ಲಿ ಬರೆದ ಪ್ರೋಗ್ರಾಂ ಬೆಳಿಗ್ಗೆ ತಿದ್ದಲು ಅದರ ಇಮ್ಮಡಿ ಹೊತ್ತು ಬೇಕು. ಇನ್ನೊಂದು, ಜಾಮ್ ಆರಂಭಿಸುವುದನ್ನು ಕಲಿಸುತ್ತದೆಯೇ ಹೊರತು ಕೊನೆ ಮುಟ್ಟಿಸುವುದನ್ನಲ್ಲ. ತಪ್ಪು ಹುಡುಕಿ ತಿದ್ದುವುದು, ನೂರಾರು ಜನರಿಂದ ಆಡಿಸಿ ನೋಡುವುದು, ಮಾರುವುದು, ಈ ಬೇಸರದ ಕೆಲಸಗಳು ಬೇರೆಯಾಗಿಯೇ ಕಲಿಯಬೇಕಾದವು. ಬರೀ ಜಾಮ್‌ಗಳಿಂದ ಉದ್ಯೋಗ ಸಿಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಹಾಗಾದರೆ ಕಾಲೇಜಿಗೆ ಸೇರಿಸುವ ಮೊದಲು ಏನು ಕೇಳಬೇಕು? ಹೊಳೆಯುವ ಪುಸ್ತಿಕೆ, ಹವಾನಿಯಂತ್ರಿತ ಲ್ಯಾಬ್ ನೋಡಿ ಮರುಳಾಗದೆ, ಮೊದಲ ವರ್ಷದ ವಿದ್ಯಾರ್ಥಿಗಳು ಮಾಡಿ ಮುಗಿಸಿದ ಸಣ್ಣ ಆಟಗಳನ್ನು ತೋರಿಸಿ ಎಂದು ಕೇಳಿ. ಕುಳಿತು ಆಡಿ. ತೋರಿಸಲು ಏನೂ ಇಲ್ಲದಿದ್ದರೆ ಶುಲ್ಕದ ಮಾತಿಗೆ ಹೋಗಬೇಕಾಗಿಲ್ಲ.

ಶುಲ್ಕ ಕಟ್ಟುವ ಮೊದಲೇ ಮನೆಯಲ್ಲೊಂದು ಪರೀಕ್ಷೆ ಮಾಡಬಹುದು. ಚಿಕ್ಕ ಮಕ್ಕಳಿಗೆ ಸ್ಕ್ರಾಚ್, ದೊಡ್ಡವರಿಗೆ ಗೋಡೋ, ಎರಡೂ ಉಚಿತವಾಗಿ ಸಿಗುತ್ತವೆ. ಮಗನಿಗೋ ಮಗಳಿಗೋ ಒಂದು ವಿಷಯ ಕೊಡಿ, ಮಳೆ ಎನ್ನಿ, ದೋಣಿ ಎನ್ನಿ. ಏಳು ದಿನ ಗಡುವು ಇರಲಿ, ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಬಂದ್. ಎಂಟನೆಯ ದಿನ ಆಟವನ್ನು ಅಜ್ಜಿಯ ಕೈಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು ನೋಡಲಿ. ಅಜ್ಜಿ ತಡವರಿಸಿದ ಜಾಗವನ್ನೆಲ್ಲ ಕಾಗದದಲ್ಲಿ ಗುರುತು ಹಾಕಿಕೊಳ್ಳಲಿ. ಮರುದಿನ ಬೆಳಿಗ್ಗೆ ತಾನಾಗಿಯೇ ಅದನ್ನು ತಿದ್ದಲು ಕುಳಿತನೋ, ಇಲ್ಲಾ ಬೇರೆಯವರ ಆಟ ತೆರೆದನೋ ಎಂದು ನೋಡಿಕೊಂಡು, ಆಮೇಲೆ ಅರ್ಜಿ ತುಂಬಿಸಿ.