ಸಣ್ಣ ಹಿಡುವಳಿದಾರರಿಗೆ ಸಾವಯವ ಕಾಯಿಪಲ್ಲೆ ಸಾಗುವಳಿಯಿಂದ ಆಗತಕ್ಕ ಲಾಭ

ಬೀದರ ನಗರದ ಸುತ್ತಣ ಗ್ರಾಮಗಳ ಮತ್ತು ಭಾಲ್ಕಿ, ಔರಾದ ತಾಲ್ಲೂಕುಗಳ ಭೂಹಿಡುವಳಿದಾರರಿಗೂ ಊರ ಮುಖಂಡರಿಗೂ ತಿಳಿಯಪಡಿಸುವುದೇನೆಂದರೆ:

ಸಾವಯವ ಕಾಯಿಪಲ್ಲೆಗೆ ಪೇಟೆಯಲ್ಲಿ ಅಧಿಕ ಬೆಲೆ ಬರುವುದೆಂದು ನಂಬಿ ಅನೇಕರು ಈ ಸಾಗುವಳಿಗೆ ಕೈಹಾಕುತ್ತಾರೆ. ಆ ಬೆಲೆಯು ಮೊದಲ ವರ್ಷವೇ ದೊರೆಯುವಂಥದಲ್ಲ. ಪ್ರಮಾಣಪತ್ರವಿಲ್ಲದ ಬದನೆಯನ್ನು ದಲಾಲಿಯು ಉಳಿದ ಬದನೆಯ ರಾಶಿಗೇ ಸುರಿಯುವನು. ಗೊಬ್ಬರಕ್ಕೂ ಔಷಧಿಗೂ ಅಂಗಡಿಯಲ್ಲಿ ಉದ್ರಿ ಬರೆಯಿಸುವುದು ತಪ್ಪಿದರೆ ಅದೇ ಆರಂಭದ ಲಾಭವೆಂದು ತಿಳಿಯತಕ್ಕದ್ದು.

ಎಷ್ಟು ಭೂಮಿಯಲ್ಲಿ ಆರಂಭಿಸಬೇಕೆಂಬುದನ್ನು ಕೊಟ್ಟಿಗೆಯನ್ನು ನೋಡಿ ನಿರ್ಣಯಿಸಬೇಕು. ಕಾಯಿಪಲ್ಲೆಗೆ ಎಕರೆಗೆ ಸುಮಾರು 10 ಟನ್ ಕಳಿತ ಗೊಬ್ಬರವು ಬೇಕು. ದೊಡ್ಡ ದನವು ದಿನಕ್ಕೆ ಸುಮಾರು 10 ಕಿಲೋ ಹಸಿ ಸಗಣಿ ಕೊಡುವುದರಿಂದ ಒಂದು ಜೊತೆ ದೇವಣಿ ಎತ್ತುಗಳಿಂದ ವರ್ಷಕ್ಕೆ 7 ಟನ್ ಆಗುವುದು. ಕಳಿತ ಮೇಲೆ ಅರ್ಧಕ್ಕೂ ಕಡಮೆ ಉಳಿಯುವುದು. ಇದು 10 ಗುಂಟೆಗೆ ಸಾಲುವಷ್ಟೇ. ಅದೂ ಸಗಣಿಯನ್ನು ಕುಳ್ಳು ತಟ್ಟಿ ಒಲೆಗೆ ಹಾಕದಿದ್ದರೆ ಮಾತ್ರ. ಒಮ್ಮೆಲೇ ಎರಡು ಎಕರೆಗೆ ಹೊರಟು ಗೊಬ್ಬರವನ್ನು ಗಾಡಿಗಟ್ಟಲೆ ಕೊಂಡವನಿಗೆ ಸಾಲಗಾರನು ಬದಲಾದನೇ ಹೊರತು ಸಾಲವು ತಪ್ಪಲಿಲ್ಲ.

ಒಳ್ಳೆಯ ಗೊಬ್ಬರದ ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕವಿರುವುದು. ದನಗಳ ಮೂತ್ರವನ್ನು ಹರಿಯಗೊಟ್ಟರೆ ಇಷ್ಟೂ ಇರಲಾರದು. ಆದುದರಿಂದ ಕೊಟ್ಟಿಗೆಯಲ್ಲಿ ಒಣಮಣ್ಣನ್ನು ಹರಡಿ, ಮೂತ್ರ ಹೀರಿದ ಆ ಮಣ್ಣನ್ನು ಗುಂಡಿಗೆ ಸೇರಿಸತಕ್ಕದ್ದು. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡರು ಕಸಕಡ್ಡಿ, ಸಗಣಿ, ಮೂತ್ರಮಣ್ಣುಗಳನ್ನು ಪದರ ಪದರವಾಗಿ ಹಾಕಿ, ಆಗಾಗ ತಿರುವಿ, ಸುಮಾರು 3 ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದಕ್ಕೆ ಶ್ರಮದ ಹೊರತು ಬೇರೆ ಖರ್ಚು ಅಲ್ಪ.

ಬೀದರದ ದಿಣ್ಣೆಯ ಕೆಂಪು ಮುರದ ನೆಲದಲ್ಲಿ ನೀರು ಬೇಗ ಬಸಿಯುವುದರಿಂದ ಗೊಬ್ಬರವನ್ನು ಬೆಳೆಬೆಳೆಗೂ ಸ್ವಲ್ಪಸ್ವಲ್ಪವಾಗಿ ಕೊಡುವುದು ಲೇಸು. ಭಾಲ್ಕಿ, ಔರಾದ ಕಡೆಯ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಬೇರು ಕೊಳೆಯದಂತೆ ಏರುಮಡಿ ಮಾಡಬೇಕು.

ಮೊದಲ ಎರಡು ವರ್ಷ ಇಳುವರಿಯು ಕುಗ್ಗುವ ಸಂಭವವುಂಟು. ಇದನ್ನು ಮರೆಮಾಚುವುದು ತರವಲ್ಲ. ಆ ಕಾಲದಲ್ಲಿ ಹುಳುವಿನ ಕಾಟ ಹೆಚ್ಚಿರುವ ಟೊಮೆಟೊ, ಕೋಸುಗಳನ್ನು ಬಿಟ್ಟು, ಸುಮಾರು ಒಂದು ತಿಂಗಳಲ್ಲಿ ಹಣ ತರುವ ಮೆಂತ್ಯೆ, ಭೂಮಿಗೆ ಸಾರ ಕೊಡುವ ಚವಳಿ, ಊರಲ್ಲೇ ಖರ್ಚಾಗುವ ಪುಂಡಿಪಲ್ಲೆ ಇವನ್ನು ಹಾಕತಕ್ಕದ್ದು. ಹುಳು ಕಂಡರೆ 5 ಕಿಲೋ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಯಿಟ್ಟು, ಸೋಸಿ, 100 ಲೀಟರ್ ನೀರಿನ ಪ್ರಮಾಣದಲ್ಲಿ ಸಂಜೆ ಸಿಂಪಡಿಸಬೇಕು.

ಲೆಕ್ಕ ಬರೆಯುವಾಗ ಮನೆಯವರ ಕೂಲಿಯನ್ನೂ ಖರ್ಚಿಗೆ ಹಿಡಿಯಬೇಕು. ಕಳೆ ಕೀಳುವ ಹೆಂಗಸರ ದುಡಿಮೆಯನ್ನು ಬಿಟ್ಟು ತೋರಿಸುವ ಲಾಭವು ಲಾಭವಲ್ಲ.

ಪ್ರಮಾಣಪತ್ರವನ್ನು ಒಬ್ಬನೇ ಪಡೆಯುವುದು ದುಬಾರಿ. ಭಾರತ ಸರಕಾರದ ಸಹಭಾಗಿತ್ವ ಖಾತರಿ ಪದ್ಧತಿಯಲ್ಲಿ ಕನಿಷ್ಠ 5 ಮಂದಿ ರೈತರು ಗುಂಪು ಕಟ್ಟಿ, ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ದೃಢೀಕರಿಸಲು ಅವಕಾಶವಿದೆ. ನೆರೆಹೊಲದ ತಪ್ಪನ್ನು ದಾಕ್ಷಿಣ್ಯವಿಲ್ಲದೆ ಹೇಳಬಲ್ಲ ಐವರನ್ನು ಕೂಡಿಸುವ ಕೆಲಸಕ್ಕೆ ಊರ ಮುಖಂಡರೇ ಮುಂದಾಗಬೇಕು.