ಸಾಕು ಎನ್ನುವುದು ಯಾವಾಗ?

ಹೈದರಾಬಾದಿನ ಆಸಫ್ ಜಾಹಿ ಅರಸರ ಹಳದಿ ಬಾವುಟದ ನಡುವೆ ದುಂಡನೆಯ ಗುರುತೊಂದಿತ್ತು. ಅದು ಚಂದ್ರನಲ್ಲ, ಕುಲ್ಚಾ ರೊಟ್ಟಿ ಎನ್ನುತ್ತಾರೆ ಊರಿನ ಹಳಬರು. ದಖನ್ನಿಗೆ ಹೊರಟಿದ್ದ ಈ ವಂಶದ ಮೂಲಪುರುಷ ಮೀರ್ ಖಮರುದ್ದೀನ್ ಒಮ್ಮೆ ಸೂಫಿ ಸಂತ ಹಜರತ್ ನಿಜಾಮುದ್ದೀನ್ ಔರಂಗಾಬಾದಿಯವರ ಬಳಿಗೆ ಊಟಕ್ಕೆ ಹೋದರಂತೆ. ಸಂತರು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ಕುಲ್ಚಾಗಳನ್ನು ಮುಂದಿಟ್ಟು, ತಿನ್ನಿ ತಿನ್ನಿ ಎಂದು ಒತ್ತಾಯಿಸಿದರಂತೆ. ಹಸಿದು ಬಂದಿದ್ದ ಅತಿಥಿ ಏಳು ತಿಂದು ಕೈ ತೆಗೆದರು. ನಿಮ್ಮ ವಂಶ ಏಳು ತಲೆಮಾರು ಆಳಲಿ ಎಂದು ಸಂತರು ಹರಸಿದರು. 1724ರಲ್ಲಿ ಶುರುವಾದ ಆಳ್ವಿಕೆ 1948ಕ್ಕೆ ಮುಗಿಯಿತು. ರೂಢಿಯ ಎಣಿಕೆಯಲ್ಲಿ ನಿಜಾಮರು ಏಳೇ ಜನ. ಐತಿಹ್ಯ ಎಷ್ಟು ನಿಜವೋ, ಕಥೆ ಹೇಳುವವರ ಕಣ್ಣು ಮಾತ್ರ ರೊಟ್ಟಿಯ ಮೇಲಲ್ಲ, ಅತಿಥಿ ಕೈ ತೆಗೆದ ಗಳಿಗೆಯ ಮೇಲಿರುತ್ತದೆ. ಈ ಊರಿನ ಔತಣದ ಶಿಷ್ಟಾಚಾರ ಬೆಳೆದದ್ದೂ ಅದರ ಸುತ್ತಲೇ: ಬಂದವರು ಯಾವಾಗ ಸಾಕು ಎನ್ನಬೇಕು?

ಹಳೆಯ ಮನೆಗಳಲ್ಲಿ ಊಟ ನೆಲದ ಮೇಲೆ. ಹಾಸಿದ ದಸ್ತರ್‌ಖಾನ್ ಬಟ್ಟೆಯನ್ನು ಯಾರೂ ದಾಟುವಂತಿಲ್ಲ, ತುಳಿಯುವಂತಿಲ್ಲ. ಮನೆಯ ಹುಡುಗರು ಹೂಜಿ ಮತ್ತು ಬೋಗುಣಿ ಹಿಡಿದು ಬಂದು, ಕೂತಲ್ಲೇ ಕೈ ತೊಳೆಸುತ್ತಾರೆ. ಹಿರಿಯರು ಬಿಸ್ಮಿಲ್ಲಾ ಹೇಳಿ ತುತ್ತು ಎತ್ತುವವರೆಗೆ ಉಳಿದವರ ಕೈ ತೊಡೆಯ ಮೇಲೆ. ಹಂಚಿಕೊಂಡು ಉಣ್ಣುವ ತಟ್ಟೆಯಾದರೆ ತನ್ನ ಮುಂದಿನ ಅಂಚಿನಿಂದಲೇ ತೆಗೆದುಕೊಳ್ಳಬೇಕು. ಒಳ್ಳೆಯ ಬೋಟಿ ಆಚೆ ಬದಿಗೆ ಕಂಡಿತೆಂದು ಕೈ ಚಾಚುವುದು ಹಗುರ ನಡತೆ. ಅದನ್ನು ಎತ್ತಿ ಅತಿಥಿಯ ಕಡೆಗೆ ಸರಿಸುವುದು ಮನೆಯವರ ಕೆಲಸ.

ಮದುವೆ ಮನೆಗಳಲ್ಲಿ ಇದು ಚೌಕಿ ಊಟವಾಯಿತು. ಗಿಡ್ಡ ಮರದ ಚೌಕಿಯ ಸುತ್ತ ಏಳೆಂಟು ಜನ. ಮೊದಲು ಲುಖ್ಮಿ, ಕಬಾಬ್. ಆಮೇಲೆ ಮರಗ್ ಮತ್ತು ನಾನ್. ಬಿರಿಯಾನಿ ತಡವಾಗಿ, ಮಿರ್ಚಿ ಕಾ ಸಾಲನ್ ಜೊತೆ. ಕೊನೆಗೆ ಖುಬಾನಿ ಕಾ ಮೀಠಾ ಇಲ್ಲವೇ ಡಬಲ್ ಕಾ ಮೀಠಾ. ಲುಖ್ಮಿಗೇ ಹೊಟ್ಟೆ ತುಂಬಿಸಿಕೊಂಡು ಬಿರಿಯಾನಿಗೆ ಕೈ ಎತ್ತಿದವರು ಚೌಕಿಯಲ್ಲಿ ತಮಾಷೆಗೆ ಗುರಿ. ‘ಥೋಡಾ ಔರ್’ ಎಂದು ಬಡಿಸುವವರು, ‘ನಕ್ಕೋ, ಬಸ್’ ಎಂದು ತಡೆಯುವ ಅತಿಥಿ. ಮೊದಲ ‘ನಕ್ಕೋ’ವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯದಕ್ಕೆ ಅರ್ಧ ಚಮಚ ಬೀಳುತ್ತದೆ. ಮೂರನೆಯದು ಲೆಕ್ಕಕ್ಕೆ ಬರುತ್ತದೆ. ಮನೆಯ ಯಜಮಾನನ ಪಾಡು ಇನ್ನೂ ಕಷ್ಟದ್ದು: ಕೊನೆಯ ಅತಿಥಿ ಕೈ ತೆಗೆಯುವವರೆಗೆ ಅವನು ತಟ್ಟೆಯಲ್ಲಿ ಬೆರಳಾಡಿಸುತ್ತಲೇ ಇರಬೇಕು. ಅವನು ನಿಲ್ಲಿಸಿದರೆ ಉಣ್ಣುವವರಿಗೆ ಸಂಕೋಚ.

ಇದರಲ್ಲಿ ಕನ್ನಡಿಗರಿಗೆ ಹೊಸದು ಕಡಿಮೆ. ಬೀದರ್, ಕಲಬುರಗಿ, ರಾಯಚೂರು ಮೊದಲು ಹೈದರಾಬಾದ್ ಸಂಸ್ಥಾನದ, ಆಮೇಲೆ 1956ರ ನವೆಂಬರ್ 1ರವರೆಗೆ ಅದೇ ಹೆಸರಿನ ರಾಜ್ಯದ ಜಿಲ್ಲೆಗಳು. ಓದು, ನೌಕರಿ, ಕೋರ್ಟು ಎಂದು ಬಂದವರು ಕಾಚಿಗೂಡದ ಸುತ್ತ ನೆಲೆಸಿದರು. ಅವರ ಮನೆಯ ಪಂಕ್ತಿಯಲ್ಲೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕ್ರೀ, ಸಾಕು’ ಎನ್ನುವುದು, ಬೆರಳ ಸಂದಿಯಿಂದ ಹೋಳಿಗೆ ಜಾರಿಸುವುದು ಎರಡೂ ನಡೆದೇ ಇತ್ತು. ಪಂಕ್ತಿ ಮುಗಿಯುವ ಮೊದಲು ಎದ್ದವರನ್ನು ಅಜ್ಜಿಯರು ಕ್ಷಮಿಸುತ್ತಿರಲಿಲ್ಲ. ಮುಸ್ಲಿಂ ಸ್ನೇಹಿತರ ಮನೆಯ ಔತಣಕ್ಕೆ ಹೋದ ಸಸ್ಯಾಹಾರಿಗೆ ಬಘಾರೆ ಬೈಂಗನ್, ಬಘಾರಾ ಖಾನಾ ದಾರಿ ತೋರಿಸುತ್ತಿದ್ದವು. ದೊಡ್ಡ ಮದುವೆಗಳಲ್ಲಿ ಬ್ರಾಹ್ಮಣ ಅಡುಗೆಯವರನ್ನು ಕರೆಸಿ ಬೇರೆಯೇ ಒಲೆ ಹೂಡಿಸುವ ರೂಢಿಯೂ ಇತ್ತು. ಏನು ಉಣ್ಣುವುದಿಲ್ಲ ಎಂದು ಅತಿಥಿ ಬಾಯಿಬಿಟ್ಟು ಹೇಳುವ ಪ್ರಸಂಗ ಬರದಂತೆ ನೋಡಿಕೊಳ್ಳುವುದೇ ಆತಿಥ್ಯದ ಹೆಚ್ಚುಗಾರಿಕೆ.

ಕುರ್ಚಿ ಮೇಜು ಬಂದದ್ದು ಕೋಠಿಯ ರೆಸಿಡೆನ್ಸಿಯ ಬ್ರಿಟಿಷರ ಒಡನಾಟದಿಂದ. 1876ರಲ್ಲಿ ಇಂಗ್ಲೆಂಡ್ ನೋಡಿ ಬಂದ ದಿವಾನ ಮೊದಲನೆಯ ಸಾಲಾರ್ ಜಂಗ್‌ರಂಥವರ ಮನೆಗಳಲ್ಲಿ ಯುರೋಪಿನ ಊಟದ ಸಾಮಾನು ಸೇರಿತು. ಈ ಬದಲಾವಣೆಯ ಶಿಖರ ಫಲಕ್‌ನುಮಾ ಅರಮನೆ. ಪೈಗಾ ಮನೆತನದ ವಿಖಾರ್ ಉಲ್ ಉಮ್ರಾ 1884ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ ಆ ಅರಮನೆಯ ಊಟದ ಮೇಜಿಗೆ 101 ಜನ ಕೂರಬಹುದು. ಇಲ್ಲಿ ‘ನಕ್ಕೋ’ಗೆ ಕೆಲಸವಿಲ್ಲ. ಚೂರಿ, ಮುಳ್ಳುಚಮಚ ಜೋಡಿಸಿಟ್ಟರೆ ಸೇವಕ ಮಾತಿಲ್ಲದೆ ತಟ್ಟೆ ಒಯ್ಯುತ್ತಾನೆ. ಸಾಕು ಎಂಬುದು ಬಾಯಿಂದ ಬೆಳ್ಳಿಯ ಸಾಮಾನಿಗೆ ದಾಟಿತು. ಆದರೆ ಸಾಕು ಎನ್ನದೆ ಹೋದ ಅತಿಥಿಯ ಕಥೆಯೂ ಈ ಮನೆಯದೇ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಇಲ್ಲಿಗೆ ಅತಿಥಿಯಾಗಿ ಬಂದವರು ಮನಸೋತು ದಿನ ಮುಂದೂಡುತ್ತಲೇ ಹೋದರಂತೆ. ಕೊನೆಗೆ ವಿಖಾರ್ ಅರಮನೆಯನ್ನೇ ನಜರಾಗಿ ಒಪ್ಪಿಸಿದರು. ಅರಸ ಹಣ ಕೊಟ್ಟರು ನಿಜ. ಮನೆ ಮಾತ್ರ ಮರಳಲಿಲ್ಲ.

ಎದ್ದು ಹೊರಡುವ ಸಮಯಕ್ಕೆ ಕುರಾನಿನಲ್ಲೇ ಸೂಚನೆಯಿದೆ. 33ನೇ ಅಧ್ಯಾಯದ 53ನೇ ವಚನದ ತಾತ್ಪರ್ಯ ಇಷ್ಟು: ಪ್ರವಾದಿಯ ಮನೆಗೆ ಊಟಕ್ಕೆ ಕರೆದಾಗ ಹೋಗಿ, ಅಡುಗೆ ಆಗುವುದನ್ನು ಕಾಯುತ್ತ ಮೊದಲೇ ಕೂರಬೇಡಿ, ಉಂಡ ಮೇಲೆ ಹರಟುತ್ತ ಉಳಿಯಬೇಡಿ. ಮದುವೆಯ ಬಿರಿಯಾನಿಗೆ ಮಧ್ಯರಾತ್ರಿಯವರೆಗೂ ಕಾಯಿಸುವ ಊರಿನಲ್ಲಿ ಮೊದಲ ಅರ್ಧವನ್ನು ಪಾಲಿಸುವುದು ಸುಲಭವಲ್ಲ!

ಈಗ ಫಂಕ್ಷನ್ ಹಾಲ್‌ಗಳಲ್ಲಿ ಬಫೆ. ಗಚ್ಚಿಬೌಲಿಯ ಫ್ಲ್ಯಾಟುಗಳಲ್ಲಿ ಕರೆಯುವ ಮೊದಲೇ ವೆಜ್ಜೋ ನಾನ್‌ವೆಜ್ಜೋ ಎಂದು ವಾಟ್ಸ್ಆ್ಯಪ್‌ನಲ್ಲಿ ಕೇಳುತ್ತಾರೆ. ಅದು ಹಳೆಯ ಕಾಳಜಿಯ ಹೊಸ ದಾರಿ, ಮೆಚ್ಚತಕ್ಕದ್ದೇ. ಬಫೆಯ ಮಾತು ಬೇರೆ. ಬಡಿಸುವವರಿಲ್ಲ, ತಡೆಯುವವರಿಲ್ಲ, ಯಾರ ತಟ್ಟೆಯಲ್ಲಿ ಎಷ್ಟಿದೆ ಎಂದು ಯಜಮಾನನಿಗೆ ತಿಳಿಯದು. ಬಕೆಟ್ಟಿಗೆ ಸುರಿಯುವ ಬಿರಿಯಾನಿ ನೋಡಿದರೆ ಚೌಕಿ ಮಾಡುತ್ತಿದ್ದ ಕೆಲಸವೇನೆಂದು ಗೊತ್ತಾಗುತ್ತದೆ. ಒತ್ತಾಯವನ್ನು ಮನೆಯವರಿಗೆ, ಮಿತಿಯನ್ನು ಅತಿಥಿಗೆ ಹಂಚಿ, ಎರಡರ ನಡುವೆ ಸರಿಯಾದ ಅಳತೆಯನ್ನು ಅದು ಹುಡುಕುತ್ತಿತ್ತು. ಬಫೆಯ ಮುಂದೆ ನಿಂತವರು ‘ಥೋಡಾ ಔರ್’ ಎನ್ನುವುದನ್ನೂ ‘ನಕ್ಕೋ’ ಎನ್ನುವುದನ್ನೂ ತಮಗೆ ತಾವೇ ಹೇಳಿಕೊಳ್ಳಬೇಕು.