ಮಲಗುವ ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ಅಲರ್ಜಿ ಹೋಗುತ್ತದೆಯೇ?

ಮಳೆಗಾಲ ಮುಗಿದು ದಸರಾ ಕಳೆಯುತ್ತಿದ್ದಂತೆ ಎಷ್ಟೋ ಮನೆಗಳಲ್ಲಿ ಸೀನು ಶುರುವಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಸೀನು, ಕಣ್ಣಿನಲ್ಲಿ ತುರಿಕೆ, ರಾತ್ರಿಯಾದರೆ ಮೂಗು ಕಟ್ಟುವುದು. ಇದೇ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಬಗೆಯ ಫಾರ್ವರ್ಡ್ ಕೂಡ ಮರಳಿ ಬರುತ್ತದೆ. ಮಲಗುವ ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಡಿ, ಅದು ರಾತ್ರಿಯೂ ಆಮ್ಲಜನಕ ಕೊಡುತ್ತದೆ, ನಾಸಾ ಹೇಳಿದೆ. ಸಂಜೆ ಕರ್ಪೂರ, ಸಾಂಬ್ರಾಣಿ ಹೊಗೆ ಹಾಕಿ, ಗಾಳಿ ಶುದ್ಧವಾಗುತ್ತದೆ.

ಗಿಡದ ಮಾತು ನಂಬಿದರೆ ಹೆಚ್ಚೆಂದರೆ ಒಂದಿಷ್ಟು ದುಡ್ಡು ಖರ್ಚು. ಆದರೆ ಉಬ್ಬಸ ಇರುವವರ ಮನೆಯಲ್ಲಿ ಹೊಗೆಯ ಮಾತು ನಂಬಿದರೆ ಅದು ಆಸ್ಪತ್ರೆಯವರೆಗೂ ಹೋಗಬಹುದು. ಹಾಗಾಗಿ ಎರಡನ್ನೂ ಪರಿಶೀಲಿಸೋಣ.

ನಾಸಾ ನಿಜಕ್ಕೂ ಹೇಳಿದ್ದೇನು?

ನಾಸಾ ಹೆಸರು ಸುಮ್ಮನೆ ಬಂದಿದ್ದಲ್ಲ. 1989ರಲ್ಲಿ ಬಿಲ್ ವುಲ್ವರ್ಟನ್ ಎಂಬ ವಿಜ್ಞಾನಿ ನಾಸಾಗಾಗಿ ಒಂದು ಪ್ರಯೋಗ ಮಾಡಿದ್ದು ನಿಜ. ಅವರು ಗಿಡಗಳನ್ನು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿಟ್ಟು, ಒಳಗೆ ಬೆಂಜೀನ್‌ನಂಥ ರಾಸಾಯನಿಕ ಆವಿ ಬಿಟ್ಟು, ಅದು ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದರು. ಕಡಿಮೆಯೂ ಆಯಿತು. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲ ಸಂದು, ಕಿಟಕಿ, ವೆಂಟಿಲೇಟರ್‌ಗಳಿಂದ ಗಾಳಿ ಸದಾ ಓಡಾಡುತ್ತಿರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಟ್ಟಡದಲ್ಲಿ ತಾನಾಗಿಯೇ ಆಗುವ ಗಾಳಿಯ ಓಡಾಟಕ್ಕೆ ಗಿಡಗಳು ಸಮನಾಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು! ಮಲಗಲು ಜಾಗವೇ ಉಳಿಯುವುದಿಲ್ಲ.

ಮುಖ್ಯವಾಗಿ, ಆ ಪ್ರಯೋಗ ರಾಸಾಯನಿಕ ಆವಿಗೆ ಸಂಬಂಧಿಸಿದ್ದು. ನಮಗೆ ಸೀನು ಬರಿಸುವ ಪರಾಗ, ಬೂಷ್ಟು, ಧೂಳುಹುಳದ ವಿಷಯ ಅದರಲ್ಲಿ ಇರಲೇ ಇಲ್ಲ.

ರಾತ್ರಿ ಆಮ್ಲಜನಕದ ಕಥೆಯೂ ಅರ್ಧ ಸತ್ಯ. ಸ್ನೇಕ್ ಪ್ಲಾಂಟ್ ಒಣನಾಡಿನ ಗಿಡ, ನೀರು ಉಳಿಸಲು ರಾತ್ರಿ ಹೊತ್ತು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಆದರೆ ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು. ಗಿಡ ಚೆಂದ ಕಾಣುತ್ತದೆ ಎಂದಾದರೆ ಖಂಡಿತ ಇಟ್ಟುಕೊಳ್ಳಿ. ಕುಂಡದ ಮಣ್ಣು ಸದಾ ಒದ್ದೆಯಾಗಿದ್ದರೆ ಅಲ್ಲೇ ಬೂಷ್ಟು ಬೆಳೆಯುತ್ತದೆ ಎನ್ನುವುದು ನೆನಪಿರಲಿ.

ಹೊಗೆಯಿಂದ ಗಾಳಿ ಶುದ್ಧವಾಗುತ್ತದೆಯೇ?

ಇಲ್ಲ. ಸುವಾಸನೆ ಬೇರೆ, ಶುದ್ಧ ಗಾಳಿ ಬೇರೆ. ಊದುಬತ್ತಿ, ಸಾಂಬ್ರಾಣಿ, ಕರ್ಪೂರ, ಯಾವುದನ್ನು ಉರಿಸಿದರೂ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳು ಹೊರಬರುತ್ತವೆ. ಸೊಳ್ಳೆ ಬತ್ತಿಯದ್ದು ಇನ್ನೂ ದೊಡ್ಡ ಕಥೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು. ಮಕ್ಕಳ ಮಂಚದ ಕೆಳಗೆ ಅದನ್ನು ಹಚ್ಚಿಟ್ಟು ಕಿಟಕಿ ಮುಚ್ಚಿ ಮಲಗುವ ಬದಲು ಸೊಳ್ಳೆ ಪರದೆ ಕಟ್ಟುವುದು ಎಷ್ಟೋ ಮೇಲು.

ಕರ್ಪೂರ ಮೂಸಿದರೆ ಮೂಗು ಬಿಟ್ಟಂತೆ ಅನಿಸುತ್ತದಲ್ಲ ಎಂದು ನೀವು ಕೇಳಬಹುದು. ಅನಿಸುವುದು ನಿಜ, ಅದು ತಂಪಿನ ಅನುಭವ ಅಷ್ಟೇ. ಮೂಗಿನೊಳಗಿನ ಊತ ಇದ್ದ ಹಾಗೇ ಇರುತ್ತದೆ. ಚಿಕ್ಕ ಮಕ್ಕಳು ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು, ಕೈಗೆ ಸಿಗುವಂತೆ ಇಡಬೇಡಿ. ಪೂಜೆ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಕಿಟಕಿ ತೆರೆದು, ಒಂದೇ ಊದುಬತ್ತಿ ಹಚ್ಚಿ, ಉಬ್ಬಸ ಇರುವವರು ಆ ಹೊತ್ತು ಬೇರೆ ಕೋಣೆಯಲ್ಲಿದ್ದರೆ ಸಾಕು.

ಹಾಗಾದರೆ ಸೀನು ಎಲ್ಲಿಂದ ಬರುತ್ತಿದೆ?

ಬಹಳ ಸಲ ನಿಮ್ಮ ದಿಂಬಿನಿಂದ. ಧೂಳುಹುಳ ಕಣ್ಣಿಗೆ ಕಾಣದಷ್ಟು ಸಣ್ಣದು, ಸುಮಾರು 0.3 ಮಿಲಿಮೀಟರ್. ಅದು ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಚೂರು ತಿನ್ನುತ್ತದೆ. ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ, ಆದ್ದರಿಂದ ನಾಲ್ಕು ತಿಂಗಳ ಮಳೆ ಅದಕ್ಕೆ ಹಬ್ಬ. ಅಲರ್ಜಿ ಬರಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಹುಳ ಸತ್ತರೂ ಹಿಕ್ಕೆ ಹಾಸಿಗೆಯಲ್ಲೇ ಉಳಿಯುತ್ತದೆ.

ಅಜ್ಜಿಯಂದಿರು ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದದ್ದು ಅರ್ಧ ಕೆಲಸ ಮಾಡುತ್ತದೆ: ತೇವ ಆರಿ ಹುಳ ಸಾಯುತ್ತದೆ. ಉಳಿದರ್ಧಕ್ಕೆ ಒಗೆಯಲೇಬೇಕು. ಹಾಸು, ದಿಂಬಿನ ಕವರ್, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಗೆಯಿರಿ. ಚಳಿ ಶುರುವಾಯಿತೆಂದು ಅಟ್ಟದ ಟ್ರಂಕಿನಿಂದ ತೆಗೆದ ಕಂಬಳಿಯನ್ನು ನೇರ ಮೈಮೇಲೆ ಎಳೆದುಕೊಳ್ಳಬೇಡಿ. ಮೊದಲು ಹೊರಗೆ ಕೊಡವಿ, ಒಗೆದು, ಒಣಗಿಸಿ. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟಿದ್ದರೆ ಆ ಕಡೆ ಮಾತ್ರ ಒಣಹಾಕಬೇಡಿ. ಅದರ ಪರಾಗವೂ ಅಲರ್ಜಿ ಬರಿಸುತ್ತದೆ.

ಇನ್ನು ಬೂಷ್ಟು. ಮಳೆ ನೀರು ಜಿನುಗಿದ ಗೋಡೆಗೆ ಮೇಲಿನಿಂದ ಬಣ್ಣ ಹೊಡೆದರೆ ಮುಂದಿನ ವರ್ಷ ಮತ್ತೆ ಅಲ್ಲೇ ಕಪ್ಪು ಕಲೆ ಬರುತ್ತದೆ. ಸೋರುವುದನ್ನು ಮೊದಲು ನಿಲ್ಲಿಸಿ, ಸೋಪಿನ ನೀರಿನಿಂದ ತಿಕ್ಕಿ ಒಣಗಲು ಬಿಡಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಎಳೆಯಿರಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯ ಫ್ಯಾನ್ ಕೆಳಗೆ ಒಣಗಿಸಬೇಡಿ.

ದೀಪಾವಳಿ ಕ್ಲೀನಿಂಗ್ ಮಾಡುವಾಗ

ಒಣ ಪೊರಕೆಯಿಂದ ಜೇಡರ ಬಲೆ ಹೊಡೆದರೆ ವರ್ಷದ ಧೂಳೆಲ್ಲ ನಿಮ್ಮ ಮೂಗಿಗೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಅಲರ್ಜಿ ಇರುವವರಿಗೆ ಅಟ್ಟದ ಕೆಲಸ ಕೊಡಬೇಡಿ. ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಎಂದಿಗೂ ಬೆರೆಸಬೇಡಿ, ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಪಟಾಕಿ ರಾತ್ರಿ ಕಿಟಕಿ ಮುಚ್ಚಿ, ಹೊಗೆ ಇಳಿದ ಮೇಲೆ ಎದುರುಬದುರು ಕಿಟಕಿ ತೆರೆಯಿರಿ.

ಏರ್ ಪ್ಯೂರಿಫೈಯರ್ ಬೇಕೇ? ಕೊಳ್ಳುವುದಾದರೆ ಹೆಪಾ ಫಿಲ್ಟರ್ ಇರುವುದು, ಕೋಣೆಯ ಅಳತೆಗೆ ತಕ್ಕದ್ದು ಕೊಳ್ಳಿ. ಹೊಗೆ, ಪರಾಗಕ್ಕೆ ಉಪಯೋಗವಿದೆ, ಹಾಸಿಗೆಯೊಳಗಿನ ಹುಳದ ಹಿಕ್ಕೆಗೆ ಇಲ್ಲ. ಓಜೋನ್ ಬಿಡುವ ಯಂತ್ರ ಬೇಡ, ಓಜೋನ್ ಶ್ವಾಸಕೋಶಕ್ಕೆ ಹಾನಿ.

ಫಾರ್ವರ್ಡ್‌ಗಳಲ್ಲಿ ಕೆಲವು ಇಷ್ಟಕ್ಕೇ ನಿಲ್ಲದೆ ಇನ್ಹೇಲರ್ ಬಿಟ್ಟುಬಿಡಿ, ಅದು ಚಟವಾಗುತ್ತದೆ ಎಂದೂ ಸೇರಿಸುತ್ತವೆ. ಇನ್ಹೇಲರ್ ಚಟವಾಗುವುದಿಲ್ಲ. ವೈದ್ಯರು ಬರೆದುಕೊಟ್ಟಿದ್ದನ್ನು ನೀವಾಗಿ ನಿಲ್ಲಿಸಬೇಡಿ. ಉಸಿರು ಸಿಗದೆ ಪೂರ್ತಿ ಒಂದು ವಾಕ್ಯ ಮಾತಾಡಲು ಆಗದಿದ್ದರೆ, ಮಗುವಿನ ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ, ಯಾವ ಮನೆಮದ್ದಿಗೂ ಕಾಯದೆ 108ಕ್ಕೆ ಕರೆ ಮಾಡಿ.